ನ್ಯೂರಾನ್‌ಗೆ ಜೀನ್ ಸಾಗಿಸುವ ಎಎವಿ: ಮೂರು ಪ್ರೆಪ್ ಆಯಿತು, ಟೈಟರ್ ಮೇಲೇಳುತ್ತಿಲ್ಲ

ತೀರ್ಥಹಳ್ಳಿ_ನ್ಯೂರಾನ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಮೂರನೇ ವರ್ಷ. ಇಲಿಯೊಂದು ಹೊಸ ಜಾಗದಲ್ಲಿ ದಾರಿ ಕಲಿಯುವಾಗ ಅದರ ಮಿದುಳಿನ ಹಿಪ್ಪೋಕ್ಯಾಂಪಸ್ ಭಾಗದ ಸಿಎ1 ಪ್ರದೇಶದ ನ್ಯೂರಾನ್‌ಗಳು ಯಾವ ಕ್ರಮದಲ್ಲಿ ಮಿನುಗುತ್ತವೆ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಜಿಕ್ಯಾಂಪ್-6ಎಫ್ ಎಂಬ ಪ್ರೋಟೀನಿನ ಜೀನನ್ನು ಆ ನ್ಯೂರಾನ್‌ಗಳಿಗೆ ತಲುಪಿಸಬೇಕು. ಕ್ಯಾಲ್ಸಿಯಂ ಏರಿದಾಗ ಅದು ಹಸಿರಾಗಿ ಹೊಳೆಯುತ್ತದೆ. ಹೊತ್ತೊಯ್ಯುವುದು ಎಎವಿ ವೈರಸ್, ಸೀರೋಟೈಪ್ (ಕವಚದ ಬಗೆ) 9.

ಲ್ಯಾಬಿನಲ್ಲಿ ಮೊದಲು ವೈರಸ್ ಮಾಡುತ್ತಿದ್ದ ಸೀನಿಯರ್ ಹೋದ ವರ್ಷ ಮುಗಿಸಿ ಹೊರಟರು. ಅವರು ಬರೆದಿಟ್ಟ ಪ್ರೋಟೋಕಾಲ್ ಹಿಡಿದುಕೊಂಡು ನಾನು ಮೂರು ಸಲ ಮಾಡಿದೆ. ಪ್ರತಿ ಸಲ 15 ಸೆಂ.ಮೀ. ಪ್ಲೇಟ್ ಹತ್ತು. ಹೆಕ್293 ಸೆಲ್‌ಗಳಿಗೆ ಮೂರು ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ), ಅವನ್ನು ಒಳಗೆ ಸಾಗಿಸುವ ಪಿಇಐ ಹಾಕಿ ಟ್ರಾನ್ಸ್‌ಫೆಕ್ಷನ್, ಮೂರು ದಿನದ ನಂತರ ಕೊಯ್ಲು, ಹೊರಗಿನ ಡಿಎನ್‌ಎ ಕತ್ತರಿಸಲು ಬೆಂಜೋನೇಸ್, ಶುದ್ಧ ಮಾಡಲು ಅಯೋಡಿಕ್ಸನಾಲ್ ಗ್ರೇಡಿಯಂಟ್, ಕೊನೆಗೆ ಅಮಿಕಾನ್ ಫಿಲ್ಟರಿನಲ್ಲಿ 200 ಮೈಕ್ರೋಲೀಟರಿಗೆ ಇಳಿಸುವುದು. ಕ್ಯೂಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಎಣಿಸುವ ವಿಧಾನ) ಮಾಡಿ ಟೈಟರ್, ಅಂದರೆ ವೈರಸ್ಸಿನ ಸಾಂದ್ರತೆ, ಅಳೆದರೆ ಮಿಲಿಲೀಟರಿಗೆ ಮೊದಲ ಸಲ 4×10¹⁰, ಎರಡನೆಯದು 7×10¹⁰, ಮೂರನೆಯದು 3×10¹⁰ ವಿಜಿ (ವೆಕ್ಟರ್ ಜಿನೋಮ್, ಅಂದರೆ ಕವಚದೊಳಗಿನ ಡಿಎನ್‌ಎ ಪ್ರತಿಗಳು). ಸೀನಿಯರ್ ಪುಸ್ತಕದಲ್ಲಿ ಎಲ್ಲವೂ 10¹²ರ ಮೇಲೆ.

ಒಂದೊಂದು ಪ್ರೆಪ್‌ಗೂ ಹತ್ತು ದಿನ ಹೋಗುತ್ತದೆ. ಮೂರನೇ ಪ್ರೆಪ್‌ನ ವೈರಸ್ ಚುಚ್ಚಿ ಮೂರು ವಾರ ಕಾದು ಮಿದುಳಿನ ಸ್ಲೈಸ್ ನೋಡಿದೆ. ಅಲ್ಲೊಂದು ಇಲ್ಲೊಂದು ಸೆಲ್ ಮಂಕಾಗಿ ಹಸಿರಾಗಿತ್ತು, ಅಷ್ಟೇ. ಎಲ್ಲಿ ತಪ್ಪುತ್ತಿದ್ದೇನೆ ಎಂದು ಹೇಗೆ ಹುಡುಕಲಿ? ಕನ್ನಡದಲ್ಲಿ ಕೇಳಿದರೆ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಬಹುದು ಅನ್ನಿಸಿ ಇಲ್ಲಿ ಹಾಕಿದ್ದೇನೆ.

ಕುಂದಾಪುರ_ಕ್ಲೋನಿಂಗ್

ಮೂರೂ ಸಲ ಒಂದೇ ಮಟ್ಟದಲ್ಲಿ ಬಿದ್ದಿದೆ ಅಂದರೆ ಅದು ಕೈತಪ್ಪಲ್ಲ. ಕೈತಪ್ಪಾದರೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಇರುತ್ತಿತ್ತು. ಮೂರರಲ್ಲೂ ಬದಲಾಗದೆ ಉಳಿದ ಯಾವುದೋ ಒಂದು ವಸ್ತು ಕೆಟ್ಟಿದೆ. ಇಷ್ಟಕ್ಕೆ ಉತ್ತರ ಕೊಡಿ ಮಾರಾಯ್ರೆ:

ಜಿಕ್ಯಾಂಪ್ ಪ್ಲಾಸ್ಮಿಡ್‌ನ ಯಾವ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದೀರಿ, ಎಷ್ಟು ಡಿಗ್ರಿಯಲ್ಲಿ? ಐಟಿಆರ್, ಅಂದರೆ ಜೀನಿನ ಎರಡೂ ಬದಿಯ ತುದಿ ತುಂಡು, ಸರಿಯಿದೆಯಾ ಎಂದು ಸ್ಮಾ-1 ಕಿಣ್ವ ಹಾಕಿ ಕತ್ತರಿಸಿ ನೋಡಿದ್ದೀರಾ? ಪಿಇಐ ಯಾವಾಗ ಕರಗಿಸಿದ್ದು? ಹೆಕ್ ಸೆಲ್ ಎಷ್ಟನೇ ಪ್ಯಾಸೇಜ್ (ಎಷ್ಟು ಸಲ ಹೊಸ ಪ್ಲೇಟಿಗೆ ಹಂಚಿದ್ದು)? ಕ್ಯೂಪಿಸಿಆರ್ ಪ್ರೈಮರ್, ಅಂದರೆ ಎಣಿಸುವ ಜಾಗವನ್ನು ಹಿಡಿಯುವ ಡಿಎನ್‌ಎ ತುಂಡು, ಯಾವುದು?

ಗದಗ_ಜೀವಶಾಸ್ತ್ರ

ನಡುವ ಬಾಯಿ ಹಾಕಿದ್ದಕ್ಕ ಕ್ಷಮಾ ಇರಲಿ. ನಾ ಪಿಯು ಕಾಲೇಜಿನ್ಯಾಗ ಜೀವಶಾಸ್ತ್ರ ಕಲಸ್ತೀನ್ರಿ. ನಮ್ಮ ಪುಸ್ತಕದಾಗ ಜೀನ್ ಥೆರಪಿ ಅಂತ ಒಂದು ಪುಟ ಐತಿ, ಅದ್ರಾಗ ‘ವೈರಸ್ ಮೂಲಕ ಜೀನ್ ಸೇರಿಸುತ್ತಾರೆ’ ಅಂತ ಒಂದ ಸಾಲು. ಅದನ್ನ ಓದಿದ ಕೂಡ್ಲೆ ಹುಡುಗ್ರು ಕೇಳತಾರ: ‘ಸರ್, ವೈರಸ್ ಅಂದ್ರ ರೋಗ ಅಲ್ಲೇನ್ರಿ?’ ನನಗ ಸಮಾಧಾನ ಆಗೂ ಹಂಗ ಉತ್ತರ ಕೊಡಾಕ ಆಗಿಲ್ಲ. ಮೂರು ಪ್ಲಾಸ್ಮಿಡ್ ಯಾಕ? ಒಂದ ಸಾಲದೇನು? ಯಾರಾದ್ರೂ ಬಿಡಿಸಿ ಹೇಳ್ರಿ.

ಹೈಡೆಲ್‌ಬರ್ಗ್_ಕನ್ನಡಿಗ

ಸರ್, ನಿಮ್ಮ ಹುಡುಗರ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ತೀರ್ಥಹಳ್ಳಿಯವರ ತೊಂದರೆಗೂ ಅದರಲ್ಲೇ ಸುಳಿವಿದೆ.

1965ರಲ್ಲಿ ಅಡಿನೋವೈರಸ್ ಮಾದರಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವರಿಗೆ ನಡುನಡುವೆ ತೀರಾ ಚಿಕ್ಕ ಕಣಗಳು ಕಂಡವು. ಮೊದಲು ಅದನ್ನು ಕಲಬೆರಕೆ ಅಂದುಕೊಂಡರು. ಆಮೇಲೆ ಅದು ಬೇರೆಯದೇ ವೈರಸ್ ಎಂದು ಗೊತ್ತಾಯಿತು. ಅಡಿನೋವೈರಸ್‌ನ ಜೊತೆಯಿದ್ದದ್ದರಿಂದ ಅಡಿನೋ-ಅಸೋಸಿಯೇಟೆಡ್ ವೈರಸ್, ಎಎವಿ, ಎಂಬ ಹೆಸರು ಬಂತು. ಒಂದು ಕಣದ ಅಡ್ಡಳತೆ ಸುಮಾರು 25 ನ್ಯಾನೋಮೀಟರ್. ಒಳಗೆ ಒಂಟಿ ಎಳೆಯ ಡಿಎನ್‌ಎ, ಹೆಚ್ಚುಕಡಿಮೆ 4,700 ಅಕ್ಷರ. ಸಹಾಯಕ್ಕೆ ಅಡಿನೋವೈರಸ್‌ನಂಥ ಇನ್ನೊಂದು ವೈರಸ್ ಇಲ್ಲದಿದ್ದರೆ ಇದಕ್ಕೆ ಮರಿ ಹಾಕಲು ಬರುವುದಿಲ್ಲ. ಮನುಷ್ಯರಲ್ಲಿ ಇದು ಯಾವ ರೋಗಕ್ಕೂ ಖಚಿತ ಕಾರಣ ಎಂದು ಕಂಡುಬಂದಿಲ್ಲ. ನಮ್ಮಲ್ಲಿ ಬಹಳ ಜನರಿಗೆ ಚಿಕ್ಕಂದಿನಲ್ಲೇ ಇದು ತಗಲಿ, ಗೊತ್ತಾಗದೆ ಹೋಗಿರುತ್ತದೆ.

ಈ ಡಿಎನ್‌ಎಯ ಎರಡು ತುದಿಗಳಲ್ಲಿ 145 ಅಕ್ಷರಗಳ ಒಂದೊಂದು ತುಂಡಿದೆ. ಅದು ತನ್ನ ಮೇಲೆ ತಾನೇ ಮಡಚಿಕೊಂಡು ಇಂಗ್ಲಿಷಿನ ಟಿ ಅಕ್ಷರದ ಆಕಾರ ತಾಳುತ್ತದೆ. ಅದೇ ಐಟಿಆರ್. ‘ನನ್ನನ್ನು ನಕಲು ಮಾಡಿ, ಕವಚದೊಳಗೆ ತುಂಬಿ’ ಎಂಬ ಗುರುತು ಇರುವುದು ಅಲ್ಲಿ ಮಾತ್ರ. ನಡುವೆ ಇರುವ, ನಕಲು ಮಾಡಿಸುವ ರೆಪ್ ಮತ್ತು ಕವಚ ಕಟ್ಟುವ ಕ್ಯಾಪ್ ಜೀನ್‌ಗಳನ್ನು ಪೂರ್ತಿ ಕಿತ್ತುಹಾಕಿ ನಮಗೆ ಬೇಕಾದ ಜೀನನ್ನು ಇಡಬಹುದು. ಹಾಗಾಗಿ ಮೂರು ಪ್ಲಾಸ್ಮಿಡ್: ಒಂದರಲ್ಲಿ ಐಟಿಆರ್‌ಗಳ ನಡುವೆ ನಮ್ಮ ಜೀನ್, ಇನ್ನೊಂದರಲ್ಲಿ ಐಟಿಆರ್ ಇಲ್ಲದ ರೆಪ್ ಮತ್ತು ಕ್ಯಾಪ್, ಮತ್ತೊಂದರಲ್ಲಿ ಅಡಿನೋವೈರಸ್‌ನಿಂದ ತೆಗೆದ ಇ2ಎ, ಇ4, ವಿಎ ಆರ್‌ಎನ್‌ಎ ಎಂಬ ಸಹಾಯಕ ಭಾಗಗಳು. ಉಳಿದ ಇ1ಎ, ಇ1ಬಿ ಹೆಕ್293 ಸೆಲ್‌ನಲ್ಲೇ ಇವೆ. ಆ ಸೆಲ್‌ಗಳನ್ನು 1973ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ತಯಾರಿಸಿದರು. 293 ಅಂದರೆ ಅವರ ಪ್ರಯೋಗದ ಕ್ರಮಸಂಖ್ಯೆ.

ಇಷ್ಟೂ ಒಂದೇ ಸೆಲ್‌ನೊಳಗೆ ಸೇರಿದಾಗ ಮಾತ್ರ ವೈರಸ್ ಕಣ ಕಟ್ಟುತ್ತದೆ. ಅದರೊಳಗೆ ಹೋಗುವುದು ಐಟಿಆರ್ ಇರುವ ತುಂಡು. ಮಿದುಳಿಗೆ ಹೋದ ಮೇಲೆ ಆ ಕಣದ ಬಳಿ ರೆಪ್ ಇಲ್ಲ, ಕ್ಯಾಪ್ ಇಲ್ಲ, ಸಹಾಯಕನೂ ಇಲ್ಲ. ಜೀನ್ ಇಳಿಸಿದ ಮೇಲೆ ಅದಕ್ಕೆ ಮತ್ತೆ ಹುಟ್ಟಲು ದಾರಿಯಿಲ್ಲ. ನ್ಯೂರಾನ್ ವಿಭಜನೆ ಆಗುವುದಿಲ್ಲವಾದ್ದರಿಂದ ಆ ಡಿಎನ್‌ಎ ಹೆಚ್ಚಾಗಿ ಕ್ರೋಮೋಸೋಮಿಗೆ ಸೇರದೆ ಪಕ್ಕದಲ್ಲೇ ಉಂಗುರವಾಗಿ ಉಳಿದು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ನ್ಯೂರೋಸೈನ್ಸಿನವರಿಗೆ ಎಎವಿ ಇಷ್ಟು ಹಿಡಿಸಲು ಅದೂ ಒಂದು ಕಾರಣ.

ಗದಗ_ಜೀವಶಾಸ್ತ್ರ

ಈಗ ತಿಳೀತ್ರಿ. ಐಟಿಆರ್ ಅಂದ್ರ ಬುತ್ತಿಯ ಎರಡೂ ಕಡೆ ಗಂಟು ಇದ್ದಂಗ. ಗಂಟು ಇದ್ದದ್ದನ್ನ ಮಾತ್ರ ಹೊತ್ತುಕೊಂಡು ಹೋಗತೈತಿ. ನಾಳೆ ಕ್ಲಾಸಿನ್ಯಾಗ ಹಿಂಗ ಹೇಳತೀನಿ.

ಹೈಡೆಲ್‌ಬರ್ಗ್_ಕನ್ನಡಿಗ

ಚೆನ್ನಾಗಿದೆ ಸರ್, ನಾನೂ ಇನ್ನು ಮುಂದೆ ಹಾಗೇ ಹೇಳುತ್ತೇನೆ.

ತೀರ್ಥಹಳ್ಳಿ_ನ್ಯೂರಾನ್

ಕುಂದಾಪುರದವರಿಗೆ ಉತ್ತರ. ಜಿಕ್ಯಾಂಪ್ ಪ್ಲಾಸ್ಮಿಡ್ ಸೀನಿಯರ್ ಇಟ್ಟುಹೋದ ಗ್ಲಿಸರಾಲ್ ಸ್ಟಾಕ್‌ನದ್ದು. ನಾನು ಅದನ್ನು ಡಿಎಚ್5-ಆಲ್ಫಾ ಬ್ಯಾಕ್ಟೀರಿಯಾಗೆ ಮತ್ತೆ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ ಮ್ಯಾಕ್ಸಿಪ್ರೆಪ್ (ದೊಡ್ಡ ಪ್ರಮಾಣದಲ್ಲಿ ಪ್ಲಾಸ್ಮಿಡ್ ತೆಗೆಯುವುದು) ಮಾಡಿದೆ. ಮೂರೂ ಸಲ ಅದೇ ಮ್ಯಾಕ್ಸಿ. ಸ್ಮಾ-1 ಮಾಡಿಲ್ಲ. ಜಿಕ್ಯಾಂಪ್ ಭಾಗ ಮಾತ್ರ ಸೀಕ್ವೆನ್ಸ್ ಮಾಡಿಸಿದ್ದೆ, ಅದು ಸರಿಯಿದೆ. ಪಿಇಐ ಹೋದ ವರ್ಷದ್ದು, 4 ಡಿಗ್ರಿಯಲ್ಲಿತ್ತು. ಸೆಲ್ 40 ದಾಟಿರಬೇಕು, ವಯಲ್ ಮೇಲಿನ ಅಂಕಿ ಅಳಿಸಿಹೋಗಿದೆ. ಪ್ರೈಮರ್ ಐಟಿಆರ್‌ನದ್ದು.

ಕುಂದಾಪುರ_ಕ್ಲೋನಿಂಗ್

ಡಿಎಚ್5-ಆಲ್ಫಾ, 37 ಡಿಗ್ರಿ. ಅಲ್ಲೇ ನಿಲ್ಲಿ.

ಬ್ಯಾಕ್ಟೀರಿಯಾಗೆ ಐಟಿಆರ್ ಅಂದರೆ ಆಗುವುದಿಲ್ಲ. ಮಡಚಿಕೊಂಡ ಡಿಎನ್‌ಎ ಅದರ ನಕಲು ಯಂತ್ರಕ್ಕೆ ಅಡ್ಡ ಬರುತ್ತದೆ. ಯಾವುದೋ ಒಂದು ಸೆಲ್ ಆ ತುಂಡನ್ನು ಉದುರಿಸಿಕೊಂಡರೆ ಅದು ಉಳಿದವಕ್ಕಿಂತ ಬೇಗ ಬೆಳೆಯುತ್ತದೆ, ಬೆಳಗಾಗುವುದರೊಳಗೆ ಫ್ಲಾಸ್ಕ್ ತುಂಬ ಅದರದ್ದೇ ಸಂತಾನ. ಅದಕ್ಕೇ ಸ್ಟೇಬಲ್-3ಯಂಥ ರೀಕಾಂಬಿನೇಶನ್ ಕಡಿಮೆ ಇರುವ ಸ್ಟ್ರೇನ್ ಬಳಸಿ 30 ಡಿಗ್ರಿಯಲ್ಲಿ ನಿಧಾನವಾಗಿ ಬೆಳೆಸುವುದು. ನೀವು ಸೀಕ್ವೆನ್ಸ್ ಮಾಡಿಸಿದ್ದು ನಡುವಿನ ಜೀನ್. ತುದಿಯನ್ನು ಯಾರೂ ನೋಡಿಲ್ಲ. ಮಾಮೂಲಿ ಸ್ಯಾಂಗರ್ ಸೀಕ್ವೆನ್ಸಿಂಗ್ ಆ ಮಡಿಕೆಯಲ್ಲಿ ಸಿಕ್ಕಿ ನಿಂತುಬಿಡುತ್ತದೆ, ಆದ್ದರಿಂದ ಬಹಳ ಜನ ನೋಡುವುದೂ ಇಲ್ಲ.

ಸ್ಮಾ-1 ಪ್ರತಿ ಐಟಿಆರ್‌ನೊಳಗೂ ಕತ್ತರಿಸುತ್ತದೆ. ಎರಡೂ ಇದ್ದರೆ ಜೆಲ್‌ನಲ್ಲಿ ಎರಡು ದೊಡ್ಡ ಬ್ಯಾಂಡ್: ಒಂದು ನಿಮ್ಮ ಇನ್‌ಸರ್ಟ್, ಇನ್ನೊಂದು ಬೆನ್ನೆಲುಬು. ಒಂದು ಹೋಗಿದ್ದರೆ ಪ್ಲಾಸ್ಮಿಡ್ ಪೂರ್ತಿ ಉದ್ದದ ಒಂದೇ ಬ್ಯಾಂಡ್ ಕಾಣುತ್ತದೆ. ನಿಮ್ಮ ಇನ್‌ಸರ್ಟ್‌ನಲ್ಲಿ ಬೇರೆ ಸ್ಮಾ-1 ಜಾಗ ಇದೆಯಾ ಎಂದು ಮ್ಯಾಪ್‌ನಲ್ಲಿ ಮೊದಲು ನೋಡಿಕೊಳ್ಳಿ. ಒಂದು ಮಾತು: ಒಂದು ಕಡೆಯ ಐಟಿಆರ್‌ನಲ್ಲಿ 11 ಅಕ್ಷರ ಹೋದ ಪ್ಲಾಸ್ಮಿಡ್‌ಗಳು ಎಷ್ಟೋ ಲ್ಯಾಬುಗಳಲ್ಲಿ ಓಡಾಡುತ್ತಿವೆ, ಅವು ವೈರಸ್ ಆಗುತ್ತವೆ. ಸರಿಯಿರುವ ತುದಿಯನ್ನು ನೋಡಿ ಸೆಲ್ ರಿಪೇರಿ ಮಾಡಿಕೊಳ್ಳುತ್ತದೆ. ದೊಡ್ಡ ತುಂಡು ಹೋಗಿದ್ದರೆ ಕಥೆ ಬೇರೆ.

ಇನ್ನೂ ಒಂದು ಕೆಲಸ ಮಾಡಿ. ಯಾರದ್ದಾದರೂ ಪಕ್ಕದ ಲ್ಯಾಬಿನ, ವೈರಸ್ ಆಗುತ್ತದೆ ಎಂದು ಖಚಿತವಿರುವ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಪ್ಲಾಸ್ಮಿಡ್ ತನ್ನಿ. ನಿಮ್ಮ ಅದೇ ಸೆಲ್, ಅದೇ ಪಿಇಐ. ಹತ್ತು ಪ್ಲೇಟ್ ಬೇಡ, ಒಂದೊಂದು ಚಿಕ್ಕ ಪ್ಲೇಟ್ ಸಾಕು. ಗ್ರೇಡಿಯಂಟ್ ಏನೂ ಬೇಡ, ಒಡೆದ ಸೆಲ್ ರಸಕ್ಕೆ ಡಿಎನ್‌ಏಸ್ ಹಾಕಿ ಕ್ಯೂಪಿಸಿಆರ್. ಪ್ರೈಮರ್ ಮಾತ್ರ ಐಟಿಆರ್‌ನದ್ದು ಬೇಡವೇ ಬೇಡ. ಅನುಮಾನ ಇರುವ ಜಾಗವನ್ನೇ ಅಳತೆಗೋಲು ಮಾಡಿಕೊಂಡ ಹಾಗಾಗುತ್ತದೆ. ಎರಡರಲ್ಲೂ ಡಬ್ಲ್ಯುಪಿಆರ್‌ಇ ಎಂಬ ಡಿಎನ್‌ಎ ತುಂಡು ಇದ್ದರೆ ಅದರ ಪ್ರೈಮರ್ ಬಳಸಿ.

ವೈರಸ್_ರೂಮಿನ_ಅಕ್ಕ

ನಾನು ಹನ್ನೆರಡು ವರ್ಷದಿಂದ ಒಂದು ಸಂಸ್ಥೆಯ ವೈರಸ್ ಕೊಠಡಿಯಲ್ಲಿ ಟೆಕ್ನಿಷಿಯನ್. ಎಎವಿ, ಲೆಂಟಿವೈರಸ್ ಎರಡೂ ಮಾಡುತ್ತೇನೆ. ಕುಂದಾಪುರದವರು ಹೇಳಿದ್ದು ಸರಿ. ಆದರೆ ತಂಗಿ, ನಿನ್ನ ಸೆಲ್ ಮತ್ತು ಪಿಇಐ ಬಗ್ಗೆ ನನಗೆ ಸಮಾಧಾನವಿಲ್ಲ. ಪ್ಲಾಸ್ಮಿಡ್ ಸರಿಹೋದರೂ ಇವೆರಡು ನಿನ್ನನ್ನು ಅರ್ಧಕ್ಕೆ ನಿಲ್ಲಿಸುತ್ತವೆ.

ಅಂಕಿ ಅಳಿಸಿಹೋದ ವಯಲನ್ನು ಇಟ್ಟುಕೊಳ್ಳಬೇಡ. ಕಡಿಮೆ ಪ್ಯಾಸೇಜಿನ ಹೊಸ ವಯಲ್ ತೆಗೆ, ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸು. ಮೈಕೋಪ್ಲಾಸ್ಮಾ ಬಂದ ಸೆಲ್ ನೋಡಲು ಚೆನ್ನಾಗೇ ಇರುತ್ತದೆ, ಮೀಡಿಯಾ ಕದಡುವುದಿಲ್ಲ, ವೈರಸ್ ಮಾತ್ರ ಕೊಡುವುದಿಲ್ಲ. ಹೆಕ್ ಸೆಲ್‌ಗಳನ್ನು ಪ್ಲೇಟ್ ತುಂಬಿ ಒಂದರ ಮೇಲೊಂದು ಏರುವವರೆಗೆ ಬಿಟ್ಟು ಆಮೇಲೆ ಒಡೆಯುವ ಅಭ್ಯಾಸ ಇದ್ದರೆ ಬಿಡು. ಟ್ರಾನ್ಸ್‌ಫೆಕ್ಷನ್ ದಿನ ನೂರಕ್ಕೆ 80ರಷ್ಟು ತುಂಬಿರಬೇಕು, ಸಮನಾಗಿ ಹರಡಿರಬೇಕು. ಪ್ಲೇಟನ್ನು ಇನ್‌ಕ್ಯುಬೇಟರಿಗೆ ಇಡುವಾಗ ಗುಂಡಗೆ ಅಲ್ಲಾಡಿಸಿದರೆ ಸೆಲ್ ಎಲ್ಲ ನಡುವೆ ಗುಡ್ಡೆಯಾಗುತ್ತದೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಜರುಗಿಸಬೇಕು.

ಪಿಇಐ ಕರಗಿಸಿ ಪಿಎಚ್ 7ರ ಹತ್ತಿರಕ್ಕೆ ತಂದು, ಫಿಲ್ಟರ್ ಮಾಡಿ, ಸಣ್ಣ ಸಣ್ಣ ಟ್ಯೂಬಿನಲ್ಲಿ ಫ್ರೀಜ್ ಮಾಡಿಟ್ಟುಕೋ. ತೆಗೆದದ್ದನ್ನು ಮತ್ತೆ ಫ್ರೀಜ್ ಮಾಡಬೇಡ. ಹೊಸ ಬ್ಯಾಚ್ ಮಾಡಿದಾಗೆಲ್ಲ ಜಿಎಫ್‌ಪಿ ಹಾಕಿ ಡಿಎನ್‌ಎಗೆ ಎಷ್ಟು ಪಾಲು ಪಿಇಐ ಎಂದು ಮೂರು ನಾಲ್ಕು ಅನುಪಾತ ನೋಡು. ಪ್ರೋಟೋಕಾಲ್‌ನಲ್ಲಿರುವ ಅನುಪಾತ ಅದನ್ನು ಬರೆದವರ ಪಿಇಐಗೆ ಸರಿ, ನಿನ್ನದಕ್ಕೂ ಸರಿಯಿರಬೇಕೆಂದಿಲ್ಲ.

ಕೊಯ್ಲಿನ ದಿನ ಮೀಡಿಯಾ ಚೆಲ್ಲುತ್ತಿದ್ದೀಯಾ? ಎಎವಿ2 ಆದರೆ ಹೆಚ್ಚಿನ ಪಾಲು ಸೆಲ್‌ನಲ್ಲೇ ಉಳಿಯುತ್ತದೆ. 8, 9 ಹಾಗಲ್ಲ, ಬಹಳಷ್ಟು ಹೊರಗೆ ಬಂದು ಮೀಡಿಯಾದಲ್ಲಿರುತ್ತದೆ. ಅದನ್ನು ಪಿಇಜಿ ಎಂಬ ರಾಸಾಯನಿಕ ಹಾಕಿ ತಳಕ್ಕೆ ಇಳಿಸಿಕೊಳ್ಳಬೇಕು. ನಿನ್ನ ಸೀನಿಯರ್ ಪ್ರೋಟೋಕಾಲ್ ಎಎವಿ2 ಕಾಲದ್ದಿರಬಹುದು.

ತೀರ್ಥಹಳ್ಳಿ_ನ್ಯೂರಾನ್

ಅಕ್ಕ, ಮೂರೂ ಸಲ ಮೀಡಿಯಾ ಬ್ಲೀಚ್ ಹಾಕಿ ಚೆಲ್ಲಿದ್ದೇನೆ. ಪ್ರೋಟೋಕಾಲ್‌ನಲ್ಲಿ ಸೆಲ್ ಪೆಲೆಟ್ ಮಾತ್ರ ಎಂದಿದೆ. ಓದಿ ಹೊಟ್ಟೆ ಉರಿಯಿತು.

ವೈರಸ್_ರೂಮಿನ_ಅಕ್ಕ

ಹೋದದ್ದು ಹೋಯಿತು. ಬ್ಲೀಚ್ ಹಾಕಿದ್ದೆ ಎಂದೆಯಲ್ಲ, ಅದು ಒಳ್ಳೆಯ ಅಭ್ಯಾಸ. ಹೊಸಬರು ಎಲ್ಲವನ್ನೂ 70 ಪರ್ಸೆಂಟ್ ಆಲ್ಕೊಹಾಲಿನಲ್ಲಿ ಒರೆಸಿ ಮುಗಿಯಿತು ಅಂದುಕೊಳ್ಳುತ್ತಾರೆ. ಲೆಂಟಿವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಆಲ್ಕೊಹಾಲಿಗೆ ಅದು ಸಾಯುತ್ತದೆ. ಎಎವಿಗೆ ಹೊದಿಕೆಯೇ ಇಲ್ಲ, ಬರೀ ಪ್ರೋಟೀನ್ ಕವಚ. ಆಲ್ಕೊಹಾಲ್ ಅದನ್ನು ಏನೂ ಮಾಡುವುದಿಲ್ಲ. ಹೊಸದಾಗಿ ಕಲಸಿದ ಹೈಪೋಕ್ಲೋರೈಟ್ ಹಾಕಿ ಹತ್ತು ನಿಮಿಷ ಬಿಡಬೇಕು, ಕಸವೆಲ್ಲ ಆಟೋಕ್ಲೇವ್‌ಗೆ ಹೋಗಬೇಕು.

ಗದಗದ ಸರ್ ರೋಗದ ಬಗ್ಗೆ ಕೇಳಿದ್ದಿರಿ. ಇದು ರೋಗ ತರುವುದಿಲ್ಲ, ನಿಜ. ಆದರೆ ನಾವು ಕೈಯಲ್ಲಿ ಹಿಡಿಯುವುದು ಪ್ರಕೃತಿಯಲ್ಲಿ ಎಲ್ಲೂ ಇಲ್ಲದಷ್ಟು ದಟ್ಟವಾದ ದ್ರವ, ಒಳಗಿರುವುದು ಕೆಲಸ ಮಾಡುವ ಜೀನ್. ಕ್ಯಾನ್ಸರಿಗೆ ಸಂಬಂಧಪಟ್ಟ ಜೀನ್ ಇದ್ದರೆ ಎಚ್ಚರಿಕೆ ಇನ್ನೂ ಹೆಚ್ಚು. ಅದಕ್ಕೇ ಸಂಸ್ಥೆಯ ಬಯೋಸೇಫ್ಟಿ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಪ್ಲೇಟ್ ಕೂಡ ಹಾಕುವ ಹಾಗಿಲ್ಲ. ನಮ್ಮ ದೇಶದಲ್ಲಿ 1989ರ ನಿಯಮಗಳಡಿ ಅದು ಕಡ್ಡಾಯ. ಗ್ರೇಡಿಯಂಟ್ ಟ್ಯೂಬಿಗೆ ಸೂಜಿ ಚುಚ್ಚುವ ಹೊತ್ತು ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಅಪಾಯದ್ದು. ಟ್ಯೂಬನ್ನು ಸ್ಟ್ಯಾಂಡಿಗೆ ಬಿಗಿದು ಚುಚ್ಚು, ಇನ್ನೊಂದು ಕೈಯಲ್ಲಿ ಹಿಡಿದು ಯಾವತ್ತೂ ಚುಚ್ಚಬೇಡ.

ಮೈಸೂರು_ಆಕ್ಸಾನ್

ಕೇಳಲೇಬೇಕಾದ ಪ್ರಶ್ನೆ: ಇಷ್ಟೆಲ್ಲ ಯಾಕೆ ಮಾಡಬೇಕು? ಆಡ್‌ಜೀನ್‌ನಂಥ ಲಾಭರಹಿತ ಸಂಸ್ಥೆಯೇ ತಯಾರಾದ ಜಿಕ್ಯಾಂಪ್ ಎಎವಿ ಕೊಡುತ್ತದೆ, ಟೈಟರ್ ಅಳೆದು ಕೊಡುತ್ತದೆ. ಪಿಎಚ್‌ಡಿ ಮುಗಿಸಬೇಕಾದ ಹುಡುಗಿ ಆರು ತಿಂಗಳು ವೈರಸ್ ಕುದಿಸುತ್ತ ಕೂತರೆ ಇಲಿಗಳನ್ನು ನೋಡುವುದು ಯಾವಾಗ? ವಿಜ್ಞಾನದ ಪ್ರಶ್ನೆ ಮುಖ್ಯ, ವೈರಸ್ ಒಂದು ಉಪಕರಣ ಅಷ್ಟೇ. ಸೂಕ್ಷ್ಮದರ್ಶಕವನ್ನು ನಾವೇ ಕಡೆಯುತ್ತೇವಾ?

ಕುಂದಾಪುರ_ಕ್ಲೋನಿಂಗ್

ಸಿದ್ಧ ಜಿಕ್ಯಾಂಪ್ ಒಂದೇ ಬೇಕಿದ್ದರೆ ನಿಮ್ಮ ಮಾತು ಸರಿ. ಆದರೆ ಎಎವಿ ಬರುವುದು ಡ್ರೈ ಐಸ್‌ನಲ್ಲಿ. ನಮ್ಮ ಒಂದು ಪಾರ್ಸೆಲ್ ವಿಮಾನ ನಿಲ್ದಾಣದಲ್ಲಿ ಕಾಗದಪತ್ರಕ್ಕಾಗಿ ಒಂಬತ್ತು ದಿನ ನಿಂತಿತು. ಕೈಗೆ ಬಂದಾಗ ಡಬ್ಬಿಯೊಳಗೆ ಡ್ರೈ ಐಸ್‌ನ ಗುರುತೂ ಇರಲಿಲ್ಲ. ಬಳಸಲೋ ಬಿಡಲೋ ಎಂದು ತಿಳಿಯದೆ ಕೊನೆಗೆ ಟೈಟರ್ ಮತ್ತೆ ಅಳೆದು, ಎರಡು ಇಲಿಗೆ ಚುಚ್ಚಿ ನೋಡಿ, ಅಷ್ಟರಲ್ಲಿ ಎರಡು ತಿಂಗಳು. ಪ್ಲಾಸ್ಮಿಡ್ ಆದರೆ ಅಂಚೆ ಲಕೋಟೆಯಲ್ಲೂ ಬರುತ್ತದೆ, ಬಿಸಿಲಿಗೆ ಹಾಳಾಗುವುದಿಲ್ಲ.

ಇನ್ನೊಂದು, ನಿಮ್ಮದೇ ಹೊಸ ಕನ್‌ಸ್ಟ್ರಕ್ಟ್ (ಜೋಡಿಸಿದ ಡಿಎನ್‌ಎ) ಇದ್ದರೆ ಯಾರೂ ಸಿದ್ಧವಾಗಿ ಇಟ್ಟಿರುವುದಿಲ್ಲ.

ತೀರ್ಥಹಳ್ಳಿ_ನ್ಯೂರಾನ್

ಹೌದು, ನನ್ನ ಮುಂದಿನ ಹೆಜ್ಜೆಯೇ ಅದು. ಡಿಎನ್‌ಎ ಕತ್ತರಿಸಿ ತಿರುಗಿಸುವ ಕ್ರೀ ಎಂಬ ಕಿಣ್ವ ಇರುವ ಸೆಲ್‌ಗಳಲ್ಲಿ ಮಾತ್ರ ತೆರೆದುಕೊಳ್ಳುವ ನಮ್ಮದೇ ವಿನ್ಯಾಸ ಎರಡಿವೆ. ಇವತ್ತು ಜಿಕ್ಯಾಂಪ್ ಮಾಡಲು ಬರದಿದ್ದರೆ ನಾಳೆ ಅದನ್ನು ಮಾಡಲು ಬರುವುದಿಲ್ಲ.

ಮೈಸೂರು_ಆಕ್ಸಾನ್

ಹಾಗಿದ್ದರೆ ನನ್ನ ಮಾತು ಹಿಂದಕ್ಕೆ. ಕ್ರೀ ಅವಲಂಬಿ ಕನ್‌ಸ್ಟ್ರಕ್ಟ್‌ಗಳಲ್ಲಿ ಜೀನ್ ತಲೆಕೆಳಗಾಗಿ ಕೂತಿರುತ್ತದೆ, ಎರಡೂ ಬದಿ ಕ್ರೀ ಗುರುತಿಸುವ ಲಾಕ್ಸ್ ಜಾಗಗಳಿರುತ್ತವೆ. ಅವೂ ಬ್ಯಾಕ್ಟೀರಿಯಾದಲ್ಲಿ ತಿರುಗಿಬಿಡುವ ಪೈಕಿಯೇ. ಪ್ರತಿ ಮ್ಯಾಕ್ಸಿಯನ್ನೂ ನೋಡಿ. ಅಳತೆಯನ್ನೂ ಈಗಲೇ ಲೆಕ್ಕ ಹಾಕಿಕೊಳ್ಳಿ: ಐಟಿಆರ್‌ನಿಂದ ಐಟಿಆರ್‌ಗೆ 4.7 ಕಿಲೋಬೇಸ್ (4,700 ಅಕ್ಷರ) ದಾಟಿದರೆ ಇಳುವರಿ ಕುಸಿಯುತ್ತದೆ, ತುಂಡಾದ ಜಿನೋಮ್‌ಗಳು ಸೇರಿಕೊಳ್ಳುತ್ತವೆ. ಜಿಕ್ಯಾಂಪ್-6ಎಫ್ 1.35 ಕಿಲೋಬೇಸ್‌ನಷ್ಟು, ಅದು ಆರಾಮಾಗಿ ಕೂರುತ್ತದೆ. ಜೀನ್ ಕತ್ತರಿಸುವ ಕ್ಯಾಸ್9 ತರಹದ್ದು 4.1, ಅಲ್ಲಿ ಜೀನನ್ನು ಚಾಲೂ ಮಾಡುವ ಪ್ರೊಮೋಟರಿಗೇ ಜಾಗ ಸಾಲದು.

ಹಾಸನದ_ಮಾವ

ನಾನು ವಿಜ್ಞಾನದವನಲ್ಲ. ಹುಡುಕುತ್ತ ಇಲ್ಲಿಗೆ ಬಂದೆ. ನಮ್ಮ ಅಕ್ಕನ ಮಗಳಿಗೆ 14 ತಿಂಗಳು, ಎಸ್‌ಎಂಎ, ಸ್ನಾಯು ಸೊರಗುವ ಕಾಯಿಲೆ, ಎಂದು ಹೇಳಿದ್ದಾರೆ. ಒಂದೇ ಇಂಜೆಕ್ಷನ್, 16 ಕೋಟಿ ಎನ್ನುತ್ತಾರೆ. ಅದೂ ಎಎವಿ ಅಂತೆ. ನೀವು ಹತ್ತು ಪ್ಲೇಟಿನಲ್ಲಿ ಮಾಡುವುದೂ ಅದೂ ಒಂದೇನಾ? ಒಂದೇ ಆದರೆ ಅಷ್ಟು ಬೆಲೆ ಯಾಕೆ?

ಹೈಡೆಲ್‌ಬರ್ಗ್_ಕನ್ನಡಿಗ

ಮಗುವಿಗೆ ಒಳ್ಳೆಯದಾಗಲಿ ಅಣ್ಣ. ನಾನು ವೈದ್ಯನಲ್ಲ, ವೆಕ್ಟರ್ ಬಗ್ಗೆ ಗೊತ್ತಿರುವುದನ್ನು ಹೇಳುತ್ತೇನೆ.

ನೀವು ಹೇಳುತ್ತಿರುವುದು ಜೋಲ್‌ಜೆನ್‌ಸ್ಮಾ. 2019ರಲ್ಲಿ ಅಮೆರಿಕದಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ಕವಚ ಎಎವಿ9, ಈ ತಂಗಿ ಬಳಸುತ್ತಿರುವ ಜಾತಿಯೇ. ಒಳಗೆ ಮಗುವಿನಲ್ಲಿ ಇಲ್ಲದ ಎಸ್‌ಎಂಎನ್1 ಜೀನ್. ಎಎವಿ9 ರಕ್ತದಿಂದ ಬೆನ್ನುಹುರಿಯ ಮೋಟಾರ್ ನ್ಯೂರಾನ್‌ಗಳನ್ನು ತಲುಪಬಲ್ಲದು ಎಂಬುದೇ ಆ ಚಿಕಿತ್ಸೆಯ ಅಡಿಪಾಯ.

ಅಳತೆ ನೋಡಿ. ಡೋಸ್ ಒಂದು ಕಿಲೋ ತೂಕಕ್ಕೆ 1.1×10¹⁴ ವಿಜಿ. ಹತ್ತು ಕಿಲೋ ಮಗುವಿಗೆ 1.1×10¹⁵. ಹತ್ತು ಪ್ಲೇಟಿನಿಂದ ಒಟ್ಟು 10¹² ಬಂತು ಎಂದು ಇಟ್ಟುಕೊಂಡರೆ ಒಂದು ಮಗುವಿಗೆ 11,000 ಪ್ಲೇಟ್ ಬೇಕು. ಇಲಿಯ ಮಿದುಳಿಗೆ ನಾವು ಹಾಕುವುದು 300 ನ್ಯಾನೋಲೀಟರ್, ಒಂದು ಹನಿಯ ನೂರನೇ ಪಾಲಿಗಿಂತಲೂ ಕಡಿಮೆ. ಮಗುವಿನ ಔಷಧ ದೊಡ್ಡ ರಿಯಾಕ್ಟರುಗಳಲ್ಲಿ, ಖಾಲಿ ಕವಚ ಎಷ್ಟು, ಉಳಿದ ಪ್ಲಾಸ್ಮಿಡ್ ಎಷ್ಟು, ಎಂಡೋಟಾಕ್ಸಿನ್ ಎಷ್ಟು ಎಂದು ಪ್ರತಿ ಬ್ಯಾಚ್ ಅಳೆದು ತಯಾರಾಗಬೇಕು. ಬೆಲೆಗೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಲ್ಯಾಬಿನ ಟ್ಯೂಬಿಗೂ ಆ ಬಾಟಲಿಗೂ ಇರುವ ದೂರ ಇದು. ಲ್ಯಾಬಿನ ವೈರಸ್ ಯಾವ ಕಾರಣಕ್ಕೂ ಮನುಷ್ಯರಿಗೆ ಅಲ್ಲ.

ವೈದ್ಯರನ್ನು ಎರಡು ವಿಷಯ ಕೇಳಿ. ಮಗುವಿನ ರಕ್ತದಲ್ಲಿ ಎಎವಿ9 ವಿರುದ್ಧ ಪ್ರತಿಕಾಯ ಇದೆಯೇ? ಹೆಚ್ಚಿದ್ದರೆ ಔಷಧ ತಲುಪುವುದಕ್ಕೆ ಮೊದಲೇ ದೇಹ ತಡೆಯುತ್ತದೆ, ಆ ಪರೀಕ್ಷೆ ಮೊದಲೇ ಆಗಬೇಕು. ಯಕೃತ್ತಿನ ಮೇಲೆ ನಿಗಾ ಹೇಗೆ? ಗಂಭೀರ ಯಕೃತ್ತಿನ ತೊಂದರೆ, ಸಾವುಗಳು ಕೂಡ ವರದಿಯಾಗಿವೆ, ಹಾಗಾಗಿ ಸ್ಟೀರಾಯ್ಡ್ ಜೊತೆಯಲ್ಲೇ ಕೊಡುತ್ತಾರೆ. ರಿಸ್ಡಿಪ್ಲಾಮ್ ಎಂಬ ಬಾಯಿಯಿಂದ ಕುಡಿಸುವ ಔಷಧವೂ ಇದೆ, ಅದು ಜೀನ್ ಚಿಕಿತ್ಸೆಯಲ್ಲ. ಕಾಯುವ ಹೊತ್ತಿನಲ್ಲಿ ಅದನ್ನು ಶುರು ಮಾಡಬಹುದೇ ಎಂದೂ ಕೇಳಿ. ಈ ಕಾಯಿಲೆಯಲ್ಲಿ ಕಳೆದುಹೋದ ನ್ಯೂರಾನ್ ಮತ್ತೆ ಬರುವುದಿಲ್ಲ, ದಿನ ಮುಖ್ಯ.

ಹಾಸನದ_ಮಾವ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಪ್ರತಿಕಾಯದ ಮಾತು ನಮಗೆ ಗೊತ್ತೇ ಇರಲಿಲ್ಲ. ಸೋಮವಾರ ಆಸ್ಪತ್ರೆಗೆ ಹೋಗುತ್ತೇವೆ.

ತೀರ್ಥಹಳ್ಳಿ_ನ್ಯೂರಾನ್

ಜೆಲ್ ಬಂತು. ನನ್ನ ಮ್ಯಾಕ್ಸಿಯಲ್ಲಿ ಪೂರ್ತಿ ಉದ್ದದ ಬ್ಯಾಂಡ್ ದಪ್ಪಗಿದೆ, ಇರಬೇಕಾದ ಎರಡು ಬ್ಯಾಂಡ್ ನೆರಳಿನ ಹಾಗೆ ಕಾಣುತ್ತವೆ. ಜಿಎಫ್‌ಪಿ ಪ್ಲಾಸ್ಮಿಡ್‌ನಲ್ಲಿ ಎರಡೇ ಬ್ಯಾಂಡ್, ಸ್ವಚ್ಛ. ಪಕ್ಕಪಕ್ಕದ ಪ್ಲೇಟಿನಲ್ಲಿ ಡಬ್ಲ್ಯುಪಿಆರ್‌ಇ ಪ್ರೈಮರ್‌ನಿಂದ ಅಳೆದರೆ ಜಿಎಫ್‌ಪಿ ನನ್ನದಕ್ಕಿಂತ ಸುಮಾರು 40 ಪಟ್ಟು ಹೆಚ್ಚು.

ಮೂರು ತಿಂಗಳು ಮುಕ್ಕಾಲು ಪಾಲು ತುದಿಯಿಲ್ಲದ ಡಿಎನ್‌ಎ ತುಂಬುತ್ತಿದ್ದೆ.

ಕುಂದಾಪುರ_ಕ್ಲೋನಿಂಗ್

ಮಿಶ್ರಣ ಇದೆ ಅಂದರೆ ಒಳ್ಳೆಯ ಕಾಲನಿ ಇನ್ನೂ ಒಳಗಿದೆ. ಸೀನಿಯರ್ ಸ್ಟಾಕ್‌ನಿಂದ ಹೊಸದಾಗಿ ಸ್ಟೇಬಲ್ ಸ್ಟ್ರೇನ್‌ಗೆ ಹಾಕಿ, 30 ಡಿಗ್ರಿ, ಎಂಟು ಹತ್ತು ಕಾಲನಿ ಮಿನಿಪ್ರೆಪ್, ಎಲ್ಲಕ್ಕೂ ಸ್ಮಾ-1. ದೊಡ್ಡ ಕಾಲನಿಯನ್ನು ಆರಿಸಬೇಡಿ. ಐಟಿಆರ್ ಕಳಕೊಂಡವೇ ಬೇಗ ಬೆಳೆದಿರುತ್ತವೆ, ಚಿಕ್ಕವನ್ನು ತೆಗೆಯಿರಿ. ಸಾಧ್ಯವಿದ್ದರೆ ಒಂದನ್ನು ನ್ಯಾನೋಪೋರ್‌ನಲ್ಲಿ ಇಡೀ ಪ್ಲಾಸ್ಮಿಡ್ ಓದಿಸಿ.

ವೈರಸ್_ರೂಮಿನ_ಅಕ್ಕ

ಗ್ರೇಡಿಯಂಟಿಗೆ ಬರುವಾಗ ನೆನಪಿಡು. ಅಯೋಡಿಕ್ಸನಾಲ್ ಪದರಗಳು ಶೇಕಡಾ 15, 25, 40, 60. 25ಕ್ಕೂ 60ಕ್ಕೂ ಫೀನಾಲ್ ರೆಡ್ ಹಾಕು, ಆಗ 40 ಪದರ ಬಣ್ಣವಿಲ್ಲದೆ ನಡುವೆ ಎದ್ದು ಕಾಣುತ್ತದೆ. 15ರ ಪದರಕ್ಕೆ 1 ಮೋಲಾರ್ ಉಪ್ಪು, ಕಣಗಳು ಒಂದಕ್ಕೊಂದು ಅಂಟದಿರಲಿ ಎಂದು. ತುಂಬಿದ ವೈರಸ್ 40ರಲ್ಲಿ, 60ರ ಗಡಿಯ ಹತ್ತಿರ ನಿಲ್ಲುತ್ತದೆ. ಖಾಲಿ ಕವಚ ಹಗುರ, ಅದು ಮೇಲೆ ಉಳಿಯುತ್ತದೆ. 25ರ ಗಡಿಯಲ್ಲಿ ಬಿಳಿ ಪಟ್ಟಿಯೊಂದು ಕಾಣುತ್ತದೆ, ಅದು ಸೆಲ್‌ನ ಪ್ರೋಟೀನ್. ಹೊಸಬರು ಅದನ್ನೇ ವೈರಸ್ ಅಂದುಕೊಂಡು ಎಳೆದುಕೊಳ್ಳುತ್ತಾರೆ. ವೈರಸ್ ಕಣ್ಣಿಗೆ ಕಾಣುವುದಿಲ್ಲ. ಆಸೆಪಟ್ಟು ಕೊನೆಯ ಹನಿಯವರೆಗೆ ಎಳೆಯಬೇಡ, ಪಟ್ಟಿ ಹತ್ತಿರ ಬಂತು ಅಂದರೆ ನಿಲ್ಲಿಸು.

ಅಮಿಕಾನ್ ಫಿಲ್ಟರನ್ನು ಮೊದಲು ಪ್ಲೂರಾನಿಕ್ ಎಫ್-68 (ಸಾಬೂನಿನಂಥ ವಸ್ತು) ಇರುವ ಪಿಬಿಎಸ್ ಉಪ್ಪುನೀರಿನಲ್ಲಿ ನೆನೆಸು. ಇಲ್ಲದಿದ್ದರೆ ಹತ್ತು ದಿನದ ದುಡಿಮೆ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಹೋಗುತ್ತದೆ. ಅಯೋಡಿಕ್ಸನಾಲ್ ಪೂರ್ತಿ ಹೋಗುವವರೆಗೆ ತೊಳೆ.

ಮೈಸೂರು_ಆಕ್ಸಾನ್

ಟೈಟರ್ ಅಳೆಯುವಾಗ ಕವಚ ಒಡೆಯುವ ಮೊದಲು ಡಿಎನ್‌ಏಸ್ ಹಾಕಲೇಬೇಕು. ಇಲ್ಲದಿದ್ದರೆ ಹೊರಗೆ ತೇಲುವ ಪ್ಲಾಸ್ಮಿಡ್ಡನ್ನೂ ವೈರಸ್ ಎಂದು ಎಣಿಸುತ್ತೀರಿ. ವೈರಸ್ ಹಾಕದ, ಪ್ಲಾಸ್ಮಿಡ್ ಮಾತ್ರ ಹಾಕಿದ ಒಂದು ಟ್ಯೂಬ್ ಜೊತೆಗಿಡಿ. ಅದರಲ್ಲಿ ಸಿಗ್ನಲ್ ಬಂದರೆ ಡಿಎನ್‌ಏಸ್ ಕೆಲಸ ಮಾಡಿಲ್ಲ. ಸ್ಟ್ಯಾಂಡರ್ಡ್‌ಗೆ ಬಳಸುವ ಪ್ಲಾಸ್ಮಿಡ್ಡನ್ನು ಕತ್ತರಿಸಿ ನೇರ ಮಾಡಿ. ಸುತ್ತಿಕೊಂಡಿರುವ ಪ್ಲಾಸ್ಮಿಡ್ ನಿಧಾನವಾಗಿ ಹೆಚ್ಚುವುದರಿಂದ ನಿಮ್ಮ ವೈರಸ್ ಇರುವುದಕ್ಕಿಂತ ಹಲವು ಪಟ್ಟು ಜಾಸ್ತಿ ಎಂದು ತೋರಿಸುತ್ತದೆ. ಸಿಲ್ವರ್ ಸ್ಟೇನ್ ಜೆಲ್‌ನಲ್ಲಿ ಕವಚದ ಪ್ರೋಟೀನುಗಳಾದ ವಿಪಿ1, ವಿಪಿ2, ವಿಪಿ3 ಮೂರೇ ಬ್ಯಾಂಡ್, ಕೆಳಗಿನದು ಮೇಲಿನವುಗಳ ಹತ್ತು ಪಟ್ಟು ದಪ್ಪ ಬರಬೇಕು.

ತೀರ್ಥಹಳ್ಳಿ_ನ್ಯೂರಾನ್

ಏಳು ವಾರದ ನಂತರ ಬರೆಯುತ್ತಿದ್ದೇನೆ. ಹತ್ತು ಕಾಲನಿಯಲ್ಲಿ ಮೂರರಲ್ಲಿ ಎರಡೂ ಐಟಿಆರ್ ಸರಿಯಿತ್ತು, ಮೂರೂ ಚಿಕ್ಕ ಕಾಲನಿಗಳು. ಹೊಸ ಸೆಲ್, ಹೊಸ ಪಿಇಐ, ಮೀಡಿಯಾವನ್ನೂ ಉಳಿಸಿಕೊಂಡೆ. ಹತ್ತು ಪ್ಲೇಟಿಗೆ 200 ಮೈಕ್ರೋಲೀಟರ್, 9×10¹² ವಿಜಿ ಪ್ರತಿ ಮಿಲಿಲೀಟರಿಗೆ. ಮೊದಲ ಸಲ ನೋಡಿ ನಂಬಿಕೆ ಬರದೆ ಮತ್ತೆ ಎರಡು ಸಲ ಅಳೆದೆ. ಜೆಲ್‌ನಲ್ಲಿ ಮೂರೇ ಬ್ಯಾಂಡ್.

ಮೊದಲ ಇಲಿಗೆ ಹಾಗೆಯೇ ಚುಚ್ಚಿ, ಮೂರು ವಾರಕ್ಕೆ ಸ್ಲೈಸ್ ನೋಡಿದೆ. ಸಿಎ1 ಪೂರ್ತಿ ಹಸಿರು. ಆದರೆ ಸುಮಾರು ಸೆಲ್‌ಗಳಲ್ಲಿ ನ್ಯೂಕ್ಲಿಯಸ್ ಕೂಡ ತುಂಬಿ ಹೊಳೆಯುತ್ತಿದೆ. ಇದು ಸರಿಯೇ?

ಮೈಸೂರು_ಆಕ್ಸಾನ್

ಸರಿಯಲ್ಲ. ಜಿಕ್ಯಾಂಪ್ ನ್ಯೂಕ್ಲಿಯಸ್‌ನ ಹೊರಗೆ ಉಂಗುರದ ಹಾಗೆ ಕಾಣಬೇಕು. ಒಳಗೂ ತುಂಬಿದ್ದರೆ ಆ ಸೆಲ್‌ಗೆ ಪ್ರೋಟೀನ್ ಹೆಚ್ಚಾಗಿ ಅದು ಸೊರಗುತ್ತಿದೆ ಎಂದು ಅರ್ಥ. ಅಂಥ ಸೆಲ್ ಕ್ಯಾಲ್ಸಿಯಂಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಅದರ ಮೇಲೆ ಪ್ರಬಂಧ ಬರೆದರೆ ರೋಗಿ ನ್ಯೂರಾನಿನ ಕಥೆ ಬರೆದ ಹಾಗೆ. 5 ಪಟ್ಟು, 10 ಪಟ್ಟು, 20 ಪಟ್ಟು ತೆಳು ಮಾಡಿ ಮೂರು ಇಲಿಗೆ ಚುಚ್ಚಿ. ಇಷ್ಟು ದಿನ ಟೈಟರ್ ಇಲ್ಲ ಎಂದು ಪರದಾಡಿದಿರಿ, ಈಗ ನೀರು ಬೆರೆಸಲು ಮನಸ್ಸು ಬರುವುದಿಲ್ಲ, ಆದರೂ ಬೆರೆಸಲೇಬೇಕು. ಬರೀ ನೀರಲ್ಲ, ಪ್ಲೂರಾನಿಕ್ ಇರುವ ಪಿಬಿಎಸ್.

ತೀರ್ಥಹಳ್ಳಿ_ನ್ಯೂರಾನ್

10 ಪಟ್ಟು ತೆಳು ಮಾಡಿದ್ದು ಸರಿಹೋಯಿತು. ನಾಲ್ಕನೇ ವಾರ, ಉಂಗುರಗಳೇ ಕಾಣುತ್ತಿವೆ. ನಿನ್ನೆ ಇಲಿ ಮೊದಲ ಸಲ ಟ್ರ್ಯಾಕ್ ಮೇಲೆ ಓಡಿತು. ಒಂದು ನಿರ್ದಿಷ್ಟ ಮೂಲೆಗೆ ಬಂದಾಗಲೆಲ್ಲ ಅದೇ ಒಂದು ಸೆಲ್ ಹೊತ್ತಿಕೊಳ್ಳುತ್ತಿತ್ತು. ಹನ್ನೊಂದು ಸುತ್ತು, ಹನ್ನೊಂದು ಸಲವೂ. ಕತ್ತಲ ರೂಮಿನಲ್ಲಿ ಒಬ್ಬಳೇ ಕೂತು ನೋಡಿದೆ.

ಗದಗ_ಜೀವಶಾಸ್ತ್ರ

ಓದಿ ಮೈ ಜುಮ್ ಅಂತ್ರಿ ತಂಗಿ. ಆ ವಿಡಿಯೋ ನಮ್ಮ ಹುಡುಗ್ರಿಗೆ ತೋರಸಾಕ ಕೊಡ್ತೀರೇನು?

ತೀರ್ಥಹಳ್ಳಿ_ನ್ಯೂರಾನ್

ಗೈಡ್ ಹತ್ತಿರ ಕೇಳಿ ಕಳಿಸುತ್ತೇನೆ ಸರ್.

ವೈರಸ್_ರೂಮಿನ_ಅಕ್ಕ

ಉಳಿದ ವೈರಸನ್ನು 5 ಮೈಕ್ರೋಲೀಟರಿನ ಅಲಿಕಾಟ್ ಮಾಡಿ ಮೈನಸ್ 80ರಲ್ಲಿ ಇಡು, ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡ. ಆ ಮೂರು ಕಾಲನಿಗೂ ಹೊಸ ಗ್ಲಿಸರಾಲ್ ಸ್ಟಾಕ್ ಮಾಡು. ಟ್ಯೂಬಿನ ಮೇಲೆ ಸ್ಟ್ರೇನ್, 30 ಡಿಗ್ರಿ, ಸ್ಮಾ-1 ನೋಡಿದ ದಿನಾಂಕ, ಮೂರನ್ನೂ ಅಳಿಸದ ಇಂಕಿನಲ್ಲಿ ಬರೆ. ಡಿಎಚ್5-ಆಲ್ಫಾದಲ್ಲಿ ಬೆಳೆಸಿದ ಆ ಹಳೇ ಮ್ಯಾಕ್ಸಿಯನ್ನು ಇವತ್ತೇ ಡಬ್ಬಿಯಿಂದ ತೆಗೆದು ಎಸೆ. ನಿನ್ನ ನಂತರ ಬರುವ ಹುಡುಗ ಅದನ್ನೇ ಎತ್ತಿಕೊಳ್ಳುತ್ತಾನೆ.